ಕೂಸು ಹುಟ್ಟುವ ಮುನ್ನವೇ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬುದು ಆತುರಗಾರರನ್ನು ಹಂಗಿಸಲು ನಮ್ಮ ಹಿರಿಯರು ಬಳಸುತ್ತಿದ್ದ ಗಾದೆ. ಹೆರಿಗೆಯೆಂಬುದು ತಾಯಿಗೂ ಮಗುವಿಗೂ ಗಂಡಾಂತರವಾಗಿದ್ದ ಕಾಲದಲ್ಲಿ ಆ ಗಾದೆಯ ಹಿಂದೆ ಭಯವೂ ಇತ್ತು, ವಿವೇಕವೂ ಇತ್ತು. ಮನೆಯಲ್ಲಿ ಅಜ್ಜಿಯ ಹಳೆಯ ಸೀರೆ, ತಾತನ ಮಾಸಿದ ಪಂಚೆ ಇದ್ದೇ ಇರುತ್ತಿದ್ದುದರಿಂದ ಮೊದಲೇ ಏನನ್ನೂ ಕೊಳ್ಳದಿದ್ದರೂ ನಡೆಯುತ್ತಿತ್ತು. ಇಂದು ಹೆರಿಗೆ ಆಸ್ಪತ್ರೆಗೆ ಸ್ಥಳಾಂತರಗೊಂಡಿದೆ. ಅವಿಭಕ್ತ ಕುಟುಂಬ ಕರಗಿ, ಗಂಡಹೆಂಡಿರಿಬ್ಬರೇ ಬಾಡಿಗೆ ಕೋಣೆಯಲ್ಲಿ ಬದುಕುತ್ತಿದ್ದಾರೆ. ಆದರೂ ಮುಂಚಿತವಾಗಿ ಕೊಳ್ಳಬಾರದೆಂಬ ಅಳುಕು ಮಾತ್ರ ಉಳಿದಿದೆ. ಈ ಅಳುಕಿನ ಬೆಲೆಯನ್ನು ತೆರುತ್ತಿರುವವರು ಯಾರು ಎಂಬುದನ್ನು ವರ್ತಕರಾದ ನಾವು ಯೋಚಿಸಬೇಕಾಗಿದೆ.

ಶಿವಾಜಿನಗರದಲ್ಲಿ ಮಕ್ಕಳ ಉಡುಪಿನ ವ್ಯಾಪಾರ ನಡೆಸುತ್ತಿರುವ ನನಗೆ ಉತ್ತರ ಕಣ್ಣೆದುರಿಗೇ ಇದೆ. ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಹಾಗೂ ಹಾಜಿ ಸರ್ ಇಸ್ಮಾಯಿಲ್ ಸೇಟ್ ಘೋಷಾ ಆಸ್ಪತ್ರೆ ಎರಡೂ ನಮ್ಮ ಮಾರುಕಟ್ಟೆಗೆ ಸಮೀಪದಲ್ಲಿವೆ. ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ರಾತ್ರಿ ಬಾಗಿಲು ಎಳೆಯುವ ಹೊತ್ತಿಗೆ ತರುಣನೊಬ್ಬ ಓಡಿಬಂದು, "ಮಗು ಹುಟ್ಟಿದೆ ಅಣ್ಣಾ, ಬೇಕಾದುದೆಲ್ಲ ಕೊಡಿ" ಎಂದ. ಏನು ಬೇಕೆಂಬುದು ಅವನಿಗೆ ತಿಳಿದಿರಲಿಲ್ಲ. ನಾನು ಕೇಳಲೂ ಇಲ್ಲ. ಅಂದವಾದ ಉಡುಗೊರೆ ಪೆಟ್ಟಿಗೆಯೊಂದನ್ನು ಕೊಟ್ಟು ಹಣ ಪಡೆದೆ. ಅದರಲ್ಲಿ ಪೌಡರು, ಕಾಡಿಗೆ, ಹಾಲಿನ ಬಾಟಲಿ, ಗಿಲಕಿ ಎಲ್ಲವೂ ಇದ್ದವು. ಕುಲಾವಿ ಇರಲಿಲ್ಲ, ಹೊದಿಸುವ ಬಟ್ಟೆ ಇರಲಿಲ್ಲ. ಎರಡು ದಿನಗಳ ಬಳಿಕ ಅವನ ಅತ್ತೆ ಪೆಟ್ಟಿಗೆಯನ್ನು ಹಿಂದಕ್ಕೆ ತಂದು, ಕೂಸನ್ನು ರಾತ್ರಿಯಿಡೀ ಟವೆಲಿನಲ್ಲಿ ಸುತ್ತಿಟ್ಟಿದ್ದೆವೆಂದು ಹೇಳಿದರು. ಮಗು ಕ್ಷೇಮವಾಗಿತ್ತು. ನನ್ನ ಲೆಕ್ಕದ ಪುಸ್ತಕದಲ್ಲಿ ಲಾಭವೆಂದು ಬರೆದಿದ್ದ ಮೊತ್ತವನ್ನು ಮಾತ್ರ ಇಂದಿಗೂ ಲಾಭವೆಂದು ಎಣಿಸಲಾರೆ.

ನವಜಾತ ಶಿಶುವಿಗೆ ಬೇಕಾದುದು ಬೆರಳೆಣಿಕೆಯಷ್ಟು. ಶಿಶುವಿನ ದೇಹದ ಶಾಖ ಬಹುಬೇಗ, ವಿಶೇಷವಾಗಿ ತಲೆಯ ಮೂಲಕ, ನಷ್ಟವಾಗುತ್ತದೆ. ಆದುದರಿಂದಲೇ ತಾಯಿಯ ಮೈಗೆ ತಾಗಿಸಿ ಬೆಚ್ಚಗಿಡಬೇಕು, ತಲೆ ಮುಚ್ಚಬೇಕು, ಮೊದಲ ಸ್ನಾನವನ್ನು 24 ಗಂಟೆಗಳವರೆಗಾದರೂ ಮುಂದೂಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಅನುಭವದಲ್ಲಿ ಎರಡು ಕುಲಾವಿ, ಎರಡು ಜೊತೆ ಕಾಲುಚೀಲ, ಆರು ಹತ್ತಿಯ ಜಬಲಾ, ಒಂದು ಡಜನ್ ಲಂಗೋಟಿ, ನಾಲ್ಕು ಮೃದುವಾದ ಹೊದಿಕೆ, ಒಂದು ರಬ್ಬರ್ ಹಾಸು ಇಷ್ಟಿದ್ದರೆ ಮೊದಲ ವಾರ ಸಾಗುತ್ತದೆ. ತಾಯಿಗೆ ಮುಂಭಾಗದಲ್ಲಿ ತೆರೆಯುವ ಎರಡು ಉಡುಪು, ಪ್ಯಾಡ್, ಟವೆಲ್, ಸೋಪು. ಜೊತೆಗೆ ತಾಯಿ ಕಾರ್ಡ್ ಮತ್ತು ಗುರುತಿನ ಪತ್ರಗಳನ್ನಿಡಲು ಒಂದು ಚೀಲ. ಎಂಟನೆಯ ತಿಂಗಳು ಮುಗಿಯುವುದರೊಳಗೆ ಇವು ಸಿದ್ಧವಿರಬೇಕು. ಪೌಡರಿನ ಧೂಳು ಶಿಶುವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶವಿರುತ್ತದೆ. ಅವೆರಡನ್ನೂ ಕೈಬಿಡುವುದೇ ಲೇಸು.

ಇದು ಹೊಸ ಆಲೋಚನೆಯೇನಲ್ಲ. ಫಿನ್ಲೆಂಡ್ ದೇಶವು 1938ರಲ್ಲಿ ಬಡ ತಾಯಂದಿರಿಗೆ ಶಿಶುವಸ್ತ್ರಗಳ ಪೆಟ್ಟಿಗೆಯನ್ನು ನೀಡಲಾರಂಭಿಸಿ, 1949ರಲ್ಲಿ ಅದನ್ನು ಎಲ್ಲ ತಾಯಂದಿರಿಗೂ ವಿಸ್ತರಿಸಿತು. ಪೆಟ್ಟಿಗೆ ಬೇಕಾದವರು ಗರ್ಭದ ಆರಂಭದ ತಿಂಗಳುಗಳಲ್ಲೇ ವೈದ್ಯಕೀಯ ತಪಾಸಣೆಗೆ ಒಳಗಾಗಬೇಕೆಂಬ ನಿಬಂಧನೆಯನ್ನೂ ವಿಧಿಸಿತು. ನಮ್ಮ ರಾಜ್ಯದಲ್ಲಿಯೂ 2007ರಲ್ಲಿ ಆರಂಭವಾದ ಮಡಿಲು ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ಸೊಳ್ಳೆ ಪರದೆ, ಹಾಸು, ಹೊದಿಕೆ, ಶಿಶುವಿನ ಸ್ವೆಟರ್, ಟೋಪಿ ಮುಂತಾದವುಗಳ ಕಿಟ್ ದೊರೆಯುತ್ತಿತ್ತು. ಕೆಲವು ವರ್ಷ ನಡೆದು ಅದು ಸ್ಥಗಿತಗೊಂಡಿತು. ಅಗತ್ಯ ಮಾತ್ರ ನಿಲ್ಲಲಿಲ್ಲ. ಹಲಸೂರು, ಕೆ.ಆರ್. ಪುರಗಳ ಆಸ್ಪತ್ರೆಗಳ ಮುಂದೆ ಒಂದು ಗಂಟೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ತೆರವನ್ನು ತುಂಬಬೇಕಾದವರು ನಾವು. ಧರ್ಮಕ್ಕಾಗಿ ಅಲ್ಲ, ನ್ಯಾಯವಾದ ವ್ಯಾಪಾರವಾಗಿಯೇ. ಸಣ್ಣ ಸಿದ್ಧ ಉಡುಪು ಘಟಕಗಳು ತೊಳೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ, ಹೊಲಿಗೆಯ ಅಂಚು ಹೊರಗಿರುವಂತೆ, ಗುಂಡಿ, ಮಣಿ, ಉದ್ದನೆಯ ದಾರಗಳಿಲ್ಲದೆ ಜಬಲಾ, ಕುಲಾವಿಗಳನ್ನು ತಯಾರಿಸಲಿ. ಇಂದಿರಾನಗರದ ಗಿರಾಕಿಗೆ ಅಲಂಕಾರದ ಪೆಟ್ಟಿಗೆ ಬೇಕಿದ್ದರೆ ಕೊಡೋಣ. ಆದರೆ ಒಳಗಿನ ಬಟ್ಟೆಯ ಗುಣಮಟ್ಟ ಶಿವಾಜಿನಗರದ ಗಿರಾಕಿಗೂ ಅದೇ ಆಗಿರಲಿ.

ಕೊಳ್ಳುವವರ ಅಳುಕನ್ನು ಗೇಲಿ ಮಾಡದೆ ಗೌರವಿಸುವ ಮಾರ್ಗವೂ ಉಂಟು. ಸೀಮಂತದ ಹೊತ್ತಿಗೆ ಅಲ್ಪ ಮುಂಗಡ ಪಡೆದು, ಚೀಲವನ್ನು ಅಂಗಡಿಯಲ್ಲಿಯೇ ಕಟ್ಟಿಡುವುದು. ಹೆರಿಗೆಯಾಯಿತೆಂಬ ಕರೆ ಬಂದೊಡನೆ ಆಸ್ಪತ್ರೆಗೆ ತಲುಪಿಸುವುದು. ಅಶುಭವೇನಾದರೂ ಸಂಭವಿಸಿದಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಪೂರ್ಣ ಮುಂಗಡವನ್ನು ಹಿಂದಿರುಗಿಸುವುದು. ನಮ್ಮ ಅಂಗಡಿಯಲ್ಲಿ ಇದನ್ನು ಆರಂಭಿಸಿದ ಮೇಲೆ ಮುಂಗಡ ಹಿಂದಿರುಗಿಸಬೇಕಾದ ಪ್ರಸಂಗಗಳೂ ಬಂದಿವೆ. ಆ ಮನೆಗಳವರು ಮತ್ತೆ ನಮ್ಮಲ್ಲಿಗೇ ಬಂದಿದ್ದಾರೆ.

ಎರಡು ಎಚ್ಚರಿಕೆಗಳು. ಶಿಶು ಹಾಲಿನ ಬದಲಿ ಆಹಾರ ಹಾಗೂ ಹಾಲುಣಿಸುವ ಬಾಟಲಿಗಳ ಕುರಿತ 1992ರ ಕಾಯ್ದೆ, ಅದರ 2003ರ ತಿದ್ದುಪಡಿ ಇವುಗಳ ಪ್ರಕಾರ ಈ ವಸ್ತುಗಳ ಜಾಹೀರಾತು, ಮಾರಾಟ ಹೆಚ್ಚಿಸಲು ನೀಡುವ ಉಚಿತ ಮಾದರಿ ಮತ್ತು ಉಡುಗೊರೆ ಎಲ್ಲವೂ ಶಿಕ್ಷಾರ್ಹ. ಆದ್ದರಿಂದ ಉಡುಗೊರೆ ಪೆಟ್ಟಿಗೆಯಲ್ಲಿ ಬಾಟಲಿಯನ್ನು ಸೇರಿಸುವ ಅಭ್ಯಾಸ ನಿಲ್ಲಬೇಕು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ಎರಡನೆಯದು ತೆರಿಗೆ. ಸಂಬಂಧವಿಲ್ಲದ ಹಲವು ವಸ್ತುಗಳನ್ನು ಕಟ್ಟಿ ಒಂದೇ ಬೆಲೆಗೆ ಮಾರಿದರೆ ಜಿ.ಎಸ್.ಟಿ. ಕಾನೂನಿನಲ್ಲಿ ಅದು ಮಿಶ್ರ ಪೂರೈಕೆಯಾಗಿ, ಅವುಗಳಲ್ಲಿನ ಅತಿ ಹೆಚ್ಚಿನ ದರವೇ ಇಡೀ ಕಟ್ಟಿಗೆ ಅನ್ವಯಿಸುತ್ತದೆ. 2018ರಿಂದ ತೆರಿಗೆಮುಕ್ತವಾಗಿರುವ ಪ್ಯಾಡಿಗೂ ಆಗ ತೆರಿಗೆ ಬೀಳುತ್ತದೆ. ಬಿಲ್ಲಿನಲ್ಲಿ ಪ್ರತಿ ವಸ್ತುವಿಗೂ ಬೇರೆ ಬೇರೆ ಬೆಲೆ ನಿಗದಿಪಡಿಸಿ ಮಾರುವುದು ಕ್ಷೇಮ. 2025ರ ಸೆಪ್ಟೆಂಬರ್ 22ರಿಂದ ಶಿಶುಗಳ ಡೈಪರ್ ಮೇಲಿನ ತೆರಿಗೆ ಶೇಕಡ 12ರಿಂದ 5ಕ್ಕೆ, ಸ್ನಾನದ ಸೋಪಿನ ಮೇಲಿನ ತೆರಿಗೆ 18ರಿಂದ 5ಕ್ಕೆ ಇಳಿದಿದೆ. ಆ ಇಳಿಕೆ ಗಿರಾಕಿಗೆ ಪೂರ್ಣವಾಗಿ ತಲುಪಬೇಕು.

ಘೋಷಾ ಆಸ್ಪತ್ರೆ ಹೊತ್ತಿರುವುದು ದಂಡು ಪ್ರದೇಶದ ಒಬ್ಬ ವರ್ತಕರ ಹೆಸರನ್ನು. ಅಂತಹ ದಾನ ಮಾಡುವ ಶಕ್ತಿ ನಮ್ಮಲ್ಲಿ ಅನೇಕರಿಗೆ ಇಲ್ಲದಿರಬಹುದು. ಆ ಆಸ್ಪತ್ರೆಯಲ್ಲಿ ಹುಟ್ಟುವ ಕೂಸಿನ ತಲೆಗೆ ಸಕಾಲದಲ್ಲಿ, ನ್ಯಾಯವಾದ ಬೆಲೆಗೆ ಒಂದು ಕುಲಾವಿ ದೊರೆಯುವಂತೆ ಮಾಡುವುದು ಮಾತ್ರ ನಮ್ಮೆಲ್ಲರಿಗೂ ಸಾಧ್ಯ.