ಹನುಮಂತಯ್ಯನವರನ್ನು ಯಾವ ದೇಶಕ್ಕೆ ಕಳಿಸುತ್ತೀರಿ?

ಸರ್ಕಾರವನ್ನು ಟೀಕಿಸಿದವರು ದೇಶ ಬಿಟ್ಟು ತೊಲಗಲಿ ಎಂದು ಬರೆಯುವುದು ನಮ್ಮ ಕೆಲವು ಸಹಪತ್ರಿಕೆಗಳಿಗೆ ಚಟವಾಗಿಬಿಟ್ಟಿದೆ. ಹಾಗೆ ಬರೆಯುವವರಲ್ಲಿ ರಾಮನಗರ, ಮಾಗಡಿ ಕಡೆಯವರೂ ಇದ್ದಾರೆ. ಅವರಿಗೊಂದು ಪ್ರಶ್ನೆ: ಇದೇ ರಾಮನಗರದ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯನವರನ್ನು ಯಾವ ದೇಶಕ್ಕೆ ಕಳಿಸುತ್ತೀರಿ?

1949ರ ನವೆಂಬರ್. ಸಂವಿಧಾನದ ಕೆಲಸ ಮುಗಿಯುತ್ತ ಬಂದಿತ್ತು. ಸಂವಿಧಾನ ರಚನಾ ಸಭೆಯಲ್ಲಿ ಎದ್ದು ನಿಂತ ಹನುಮಂತಯ್ಯನವರು, ನಾವು ಬಯಸಿದ್ದು ವೀಣೆ, ಸಿತಾರಿನ ನಾದ, ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂಬ ಅರ್ಥದ ಮಾತಾಡಿದರು. ಆ ಮಾತನ್ನು ನಾವು ಒಪ್ಪುವುದಿಲ್ಲ. ಅವರು ಬ್ಯಾಂಡು ಎಂದು ಕರೆದ ಆ ಸಂವಿಧಾನದಿಂದಲೇ ಕೂಲಿಯವನಿಗೂ ಜಮೀನ್ದಾರನಿಗೂ ತಲಾ ಒಂದೇ ಓಟು ಬಂತು. ಆದರೆ ಅವರನ್ನು ಯಾರೂ ದೇಶದ್ರೋಹಿ ಎನ್ನಲಿಲ್ಲ. ಮಾತು ಕಡತಕ್ಕೆ ಹೋಯಿತು; 1952ರಲ್ಲಿ ಅವರು ಮೈಸೂರಿನ ಮುಖ್ಯಮಂತ್ರಿಯಾದರು. ಏಕೀಕರಣಕ್ಕೆ ಹಳೇ ಮೈಸೂರಿನ ತಮ್ಮವರೇ ಅಡ್ಡ ನಿಂತಾಗ ಅವರನ್ನೂ ಎದುರು ಹಾಕಿಕೊಂಡರು. 1956ರ ಆಗಸ್ಟಿನಲ್ಲಿ ಕುರ್ಚಿ ಹೋಯಿತು, ನವೆಂಬರಿನಲ್ಲಿ ಅವರು ಬಯಸಿದ ರಾಜ್ಯ ಬಂತು.

ಸರ್ಕಾರವನ್ನು ಎದುರಿಸಿದವರು ಅವರೊಬ್ಬರೇ ಅಲ್ಲ. ಚನ್ನಪಟ್ಟಣ ದಾಟಿ ಮದ್ದೂರಿಗೆ ಹೋದರೆ ಶಿವಪುರದ ಸತ್ಯಾಗ್ರಹ ಸೌಧ ಸಿಗುತ್ತದೆ. 1938ರ ಏಪ್ರಿಲಿನಲ್ಲಿ ಅಲ್ಲಿ ನಿಷೇಧಾಜ್ಞೆ ಮುರಿದು ಬಾವುಟ ಹಾರಿಸಿದವರನ್ನು ಮೈಸೂರು ಸರ್ಕಾರ ಹಿಡಿದು ಒಳಗೆ ಹಾಕಿತು. 1947ರ ಆಗಸ್ಟ್ 15 ಕಳೆದ ಮೇಲೂ ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಸಬೇಕಾಯಿತು. ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ಇಂದು ಅವನ ಹೆಸರಿನ ವೃತ್ತಕ್ಕೆ ಹಾರ ಹಾಕುವವರು, ಅವನಂತೆ ಬೀದಿಗಿಳಿದ ಹುಡುಗರ ಮೇಲೆ ಕೇಸು ಜಡಿಯಿರಿ ಎನ್ನುತ್ತಾರೆ. ಈ ಇಬ್ಬಗೆ ನೀತಿಯನ್ನು ನಮಗೆ ಸಹಿಸಲಾಗುತ್ತಿಲ್ಲ.

ಕೇಸು ಜಡಿಯಲು ಕಾನೂನೂ ಸಿದ್ಧವಿದೆ. ಬ್ರಿಟಿಷರ ಕಾಲದ ರಾಜದ್ರೋಹದ 124ಎ ಕಲಮನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತಡೆಹಿಡಿಯಿತು. ಅದರ ಜಾಗದಲ್ಲಿ 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಜಾರಿಯಲ್ಲಿದೆ. ರಾಜದ್ರೋಹ ಎಂಬ ಹೆಸರು ಬಿಟ್ಟರೂ ಅದರ ಹಿಡಿತ ಸಡಿಲವಾಗಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ‘ದೇಶದ ಏಕತೆಗೆ ಅಪಾಯ’ ಎಂಬ ಮಾತನ್ನು ಠಾಣೆಯ ಮಟ್ಟದಲ್ಲಿ ಹೇಗೆ ಬೇಕಾದರೂ ಎಳೆಯಬಹುದು.

ಬೇಡ ಎಂದವರಿಗೆ ದ್ರೋಹಿಯ ಪಟ್ಟ ಕಟ್ಟುವ ಈ ರೋಗ ಒಂದೇ ಪಕ್ಷದ್ದಲ್ಲ. 2025ರಲ್ಲಿ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಮಾಡಿದಾಗ ಬೇಡ ಎಂದ ನಮಗೆ ‘ಜಿಲ್ಲೆಯ ಏಳಿಗೆ ಸಹಿಸದವರು’ ಎಂಬ ಪಟ್ಟ ಸಿಕ್ಕಿತು. ಬಿಡದಿಯ ಕಡೆ ಸರ್ಕಾರಕ್ಕೆ ಭೂಮಿ ಕೊಡಲ್ಲ ಎಂದ ರೈತನೂ ಇಂಥದ್ದೇ ಮಾತು ಕೇಳಬೇಕಾಗಿದೆ. ಊರಿನ ಮೇಲೆ ಪ್ರೀತಿ ಇಲ್ಲದವನು ಸುಮ್ಮನೆ ಪರಿಹಾರದ ಚೆಕ್ಕು ತಗೊಂಡು ಹೊರಡುತ್ತಿದ್ದ.

ಈ ಸಂಚಿಕೆಯ ವಿಶೇಷ ವಿಭಾಗ ‘ದೇಶ ಮತ್ತು ಭಿನ್ನಮತ’. ನಮ್ಮ ನಿಲುವನ್ನು ಕಟುವಾಗಿ ವಿರೋಧಿಸುವ ಲೇಖನವೊಂದೂ ಅದರಲ್ಲಿದೆ; ಒಂದಕ್ಷರ ಕತ್ತರಿಸದೆ ಹಾಕಿದ್ದೇವೆ.