ಡಿವಿಡಿ ಹೋಯಿತು, ಫೋಟೊ ಎಲ್ಲಿ?

2025ರ ಫೆಬ್ರುವರಿಯಲ್ಲಿ ಸೋನಿ ಕಂಪನಿ, ನಾವೇ ಬರೆದುಕೊಳ್ಳಬಹುದಾದ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ನಿಲ್ಲಿಸಿತು. ಮಿನಿಡಿಸ್ಕ್, ಮಿನಿ ಡಿವಿ ಕ್ಯಾಸೆಟ್‌ಗಳೂ ಅದರ ಜತೆಗೇ ಹೋದವು. ಇವುಗಳ ಜಾಗಕ್ಕೆ ಹೊಸ ಮಾದರಿ ಯಾವುದೂ ಬರುವುದಿಲ್ಲ ಎಂದೂ ಕಂಪನಿ ಹೇಳಿತು. ನಮ್ಮ ಕಡೆಗೆ ಇದು ದೊಡ್ಡ ಸುದ್ದಿಯೇನಲ್ಲ, ಬ್ಲೂ-ರೇ ನಮ್ಮ ಮನೆಗಳಿಗೆ ಬಂದದ್ದೇ ಅಪರೂಪ. ಆದರೆ ಅದಕ್ಕಿಂತ ಹಳೆಯ ಸಿ.ಡಿ, ಡಿವಿಡಿಗಳ ಕತೆ ಬೇರೆ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಬಹಳಷ್ಟು ಮನೆಗಳ ಬೀರುವಿನಲ್ಲಿ ಮದುವೆಯದ್ದೋ ಗೃಹಪ್ರವೇಶದ್ದೋ ಕಾಲೇಜಿನ ಬೀಳ್ಕೊಡುಗೆಯದ್ದೋ ಒಂದು ಡಿಸ್ಕ್ ಈಗಲೂ ಇರುತ್ತದೆ. ಅದನ್ನು ಹಾಕಿ ನೋಡುವ ಯಂತ್ರ ಮಾತ್ರ ಆ ಮನೆಯಲ್ಲಿ ಇರುವುದಿಲ್ಲ.

ಇದು ನನಗೆ ತಟ್ಟಿದ್ದು ಕಳೆದ ವರ್ಷ ಬಂದ ಒಂದು ಫೋನ್ ಕರೆಯಿಂದ.

2013ರಲ್ಲಿ ನಾವು ನಾಲ್ವರು ಮಂಡ್ಯದ ಹಾಸ್ಟೆಲೊಂದರಲ್ಲಿದ್ದು ಡಿಗ್ರಿ ಮುಗಿಸಿದೆವು. ಒಬ್ಬ ಪಾಂಡವಪುರದ ಕಡೆಯವನು, ಒಬ್ಬ ಕೆ.ಆರ್. ಪೇಟೆ, ಇನ್ನೊಬ್ಬ ನಾಗಮಂಗಲ. ನಾನು ಶ್ರೀರಂಗಪಟ್ಟಣ. ಹಾಸ್ಟೆಲಿನಲ್ಲಿ ನಮ್ಮನ್ನು ಕರೆಯುತ್ತಿದ್ದುದೂ ಊರಿನ ಹೆಸರಿನಿಂದಲೇ. ಕೊನೆಯ ವರ್ಷ ಒಬ್ಬೊಬ್ಬರ ತಾಲ್ಲೂಕಿಗೆ ಒಂದೊಂದು ಭಾನುವಾರ ಹೋಗಿಬಂದೆವು. ಬಲಮುರಿ, ಕುಂತಿಬೆಟ್ಟ, ತೊಣ್ಣೂರು ಕೆರೆ, ಹೊಸಹೊಳಲು, ಆದಿಚುಂಚನಗಿರಿ. ಎರವಲು ತಂದ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಫೋಟೊಗಳು ನಾನೂರರ ಹತ್ತಿರ ಇದ್ದವು. ವಿಂಡೋಸ್ 7ರ ಜತೆಗೇ ಬರುತ್ತಿದ್ದ ಡಿವಿಡಿ ಮೇಕರ್‌ನಲ್ಲಿ ಒಂದು ಸ್ಲೈಡ್ ಶೋ ಮಾಡಿ, ಹಿನ್ನೆಲೆಗೆ ಸಿನಿಮಾ ಹಾಡು ಕೂರಿಸಿ, ನಾಲ್ಕು ಡಿಸ್ಕ್ ರೈಟ್ ಮಾಡಿದೆ. ತಾಲ್ಲೂಕಿಗೊಂದು.

ಹಾಡು ಐದು ನಿಮಿಷದ್ದು. ಹಾಗಾಗಿ ನಾನೂರರಲ್ಲಿ ಅರವತ್ತನ್ನು ಮಾತ್ರ ಆರಿಸಬೇಕಿತ್ತು. ಯಾವುದು ಇರಬೇಕು, ಯಾವುದು ಬೇಡ ಎಂದು ಎರಡು ರಾತ್ರಿ ಜಗಳವಾಡಿದ್ದೇವೆ. ಈಗ ಪ್ರವಾಸದಿಂದ ಬರುವಷ್ಟರಲ್ಲೇ ಇನ್ನೂರು ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದಿರುತ್ತವೆ. ಎಲ್ಲವನ್ನೂ ತೆರೆದು ನೋಡುವವರು ಯಾರು? ಸ್ಟೇಟಸ್‌ಗೆ ಹಾಕಿದ್ದಂತೂ 24 ಗಂಟೆಗೆ ಮಾಯ. ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಡಿಸ್ಕ್ ರೈಟ್ ಆಗುವಾಗ ತೊಂಬತ್ತು ಪರ್ಸೆಂಟಿಗೆ ನಿಂತು ಹಾಳಾಗುತ್ತಿದ್ದುದೂ ನೆನಪಿದೆ. ಆದರೆ ಆ ಡಿವಿಡಿಯನ್ನು ಪಾಂಡವಪುರದ ಗೆಳೆಯನ ಮನೆಯ ಟಿ.ವಿಯಲ್ಲಿ ಹಾಕಿದಾಗ ಅಕ್ಕಪಕ್ಕದ ಮನೆಯವರೂ ಬಂದು ಕೂತು ನೋಡಿದ್ದರು. (ಅದೇ ಸ್ಲೈಡ್ ಶೋವನ್ನು ಇವತ್ತು ಯೂಟ್ಯೂಬ್‌ಗೆ ಏರಿಸಿದರೆ ಹಾಡಿನ ಹಕ್ಕುದಾರರ ತಕರಾರು ಬಂದು ದನಿ ಬಂದ್ ಆದರೂ ಆಶ್ಚರ್ಯವಿಲ್ಲ.)

ಆ ಗೆಳೆಯನ ತಾಯಿ 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡರು. ಕಳೆದ ವರ್ಷ ಫೋನ್ ಮಾಡಿದವನು ಅವನೇ. ‘ಲೋ, ಅವತ್ತು ನಮ್ಮವ್ವ ಮುದ್ದೆ ಬಡಿಸ್ತಾ ನಗಾಡ್ತಿದ್ದ ಫೋಟೊ ಆ ಡಿವಿಡೀಲಿ ಐತಲ್ವೇನ್ಲಾ? ನೀನು ಮಡಗಿದ್ದೀಯಾ?’

ತೊಣ್ಣೂರು ಕೆರೆ ನೋಡಿಕೊಂಡು ಅವರ ಮನೆಯಲ್ಲಿ ಉಪ್ಸಾರು ಮುದ್ದೆ ಉಂಡ ದಿನದ ಫೋಟೊ ಅದು. ಅವರದ್ದು ಬೇರೆ ಫೋಟೊ ಇಲ್ಲವೆಂದಲ್ಲ. ಆಧಾರ್ ಕಾರ್ಡಿನಲ್ಲಿದೆ, ನೆಂಟರ ಮದುವೆಯ ಗ್ರೂಪ್ ಫೋಟೊದಲ್ಲಿದೆ. ನಗುತ್ತಿರುವುದು ಇದೊಂದೇ.

ನಾಲ್ಕೂ ಡಿಸ್ಕ್‌ಗಳ ಹುಡುಕಾಟ ಶುರುವಾಯಿತು. ಅವನದ್ದು ಪ್ಲೇಯರ್‌ನಲ್ಲಿ ಓಡಿ ಓಡಿ ಗೀರು ಬಿದ್ದು, ಎರಡನೇ ಫೋಟೊಗೇ ನಿಂತುಬಿಡುತ್ತಿತ್ತು. ನಾಗಮಂಗಲದವನನ್ನು ಕೇಳಿದರೆ, ‘ಐತೆ ಕಣ್ಲಾ, ಆದ್ರೆ ನಮ್ಮಪ್ಪ ಅದ್ನ ಹೊಲ್ದಲ್ಲಿ ಹಕ್ಕಿ ಬೆದ್ರಿಸೋಕೆ ಕಟ್ಟವ್ನೆ’ ಎಂದ. ನಗು ಬಂತು. ಆದರೆ ನಾವು ಬರೆದುಕೊಳ್ಳುವ ಡಿಸ್ಕ್‌ನಲ್ಲಿ ಮಾಹಿತಿ ಕೂರುವುದು ಬಣ್ಣದ ಒಂದು ತೆಳು ಪದರದ ಮೇಲೆ. ಬಿಸಿಲು ಆ ಬಣ್ಣವನ್ನು ಕೆಡಿಸುತ್ತದೆ. ಹೊಲದಲ್ಲಿ ಹೊಳೆಯುತ್ತಿದ್ದುದು ಬರೀ ಕನ್ನಡಿ. ಕೆ.ಆರ್. ಪೇಟೆಯವನದ್ದು ಮನೆ ಬದಲಿಸುವಾಗ ಕಳೆದಿತ್ತು. ನನ್ನದು ಕವರಿನೊಳಗೆ ಹೊಸದರಂತೆಯೇ ಇತ್ತು, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೂರಿಸುವ ಬಾಯಿಯೇ ಇರಲಿಲ್ಲ.

ಆ ಬಾಯಿ ಮುಚ್ಚಿದ್ದು ಒಂದೇ ದಿನದಲ್ಲಲ್ಲ. 2008ರಲ್ಲಿ ಆ್ಯಪಲ್ ತನ್ನ ತೆಳ್ಳನೆಯ ಮ್ಯಾಕ್‌ಬುಕ್ ಏರ್‌ನಲ್ಲಿ ಡಿಸ್ಕ್ ಡ್ರೈವ್ ಕೈಬಿಟ್ಟಿತು. ಬರಬರುತ್ತ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. 2012ರ ವಿಂಡೋಸ್ 8ರಲ್ಲಿ ಡಿವಿಡಿ ಮೇಕರ್ ಇರಲಿಲ್ಲ, ಮೀಡಿಯಾ ಪ್ಲೇಯರ್ ಡಿವಿಡಿ ಓಡಿಸುವುದನ್ನೂ ನಿಲ್ಲಿಸಿತ್ತು. ಅಂದರೆ ನಾವು 2013ರಲ್ಲಿ ಹಿಗ್ಗಿನಿಂದ ರೈಟ್ ಮಾಡುತ್ತಿದ್ದಾಗಲೇ ಅದರ ಕಾಲ ಮುಗಿಯುತ್ತ ಬಂದಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಹಳ್ಳಿಗಳಲ್ಲೂ ಡಿಸ್ಕ್ ಕೇಳುವವರು ಇಲ್ಲವಾದರು. 1983ರಲ್ಲಿ ಶುರುವಾಗಿ, ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಡಿಸ್ಕ್ ತಯಾರಕರಲ್ಲಿ ಒಂದಾಗಿದ್ದ ನಮ್ಮ ದೇಶದ ಮೋಸರ್ ಬೇರ್ ಕಂಪನಿಯನ್ನು 2018ರಲ್ಲಿ ಮುಚ್ಚಲು ಕಂಪನಿ ಕಾನೂನು ನ್ಯಾಯಮಂಡಳಿ ಆದೇಶಿಸಿತು. ನನ್ನ ಡಿವಿಡಿಯ ಮೇಲಿದ್ದುದೂ ಅದೇ ಹೆಸರು.

ಕೊನೆಗೆ ನೆರವಾದವನು ಕೆ.ಆರ್. ಪೇಟೆಯವನು. ಅವನೀಗ ಸ್ಟುಡಿಯೊ ನಡೆಸುತ್ತಾನೆ. ಅಲ್ಲಿನ ಹಳೇ ಕಂಪ್ಯೂಟರ್‌ನಲ್ಲಿ ಡ್ರೈವ್ ಇತ್ತು. ಡಿಸ್ಕ್ ಓದಿತು. ಆ ಅವ್ವ ಪರದೆಯ ಮೇಲೆ ಬಂದರು, ಐದು ಸೆಕೆಂಡು. ಪಾಂಡವಪುರದವನು ಮತ್ತೆ ಮತ್ತೆ ಹಿಂದಕ್ಕೆ ಹಾಕಿಸಿ ನೋಡಿದ. ಆಮೇಲೆ, ‘ಇದನ್ನ ದೊಡ್ಡದು ಮಾಡಿಸಿ ಕಟ್ಟು ಹಾಕ್ಸಣ’ ಎಂದ.

ತೊಡಕು ಗೊತ್ತಾದದ್ದು ಆಗ. ಡಿವಿಡಿಯಲ್ಲಿದ್ದುದು ಫೋಟೊ ಅಲ್ಲ, ಫೋಟೊ ತೋರಿಸುವ ವಿಡಿಯೊ. ನಮ್ಮಲ್ಲಿ ಬಳಸುವ ಮಾದರಿಯ ಡಿವಿಡಿ ವಿಡಿಯೊದ ಅಳತೆ 720 × 576. ಗುಣಿಸಿದರೆ ನಾಲ್ಕು ಲಕ್ಷ ಚುಕ್ಕಿಗಳ ಮೇಲೆ ಸ್ವಲ್ಪ. ನಾವು ಬಳಸಿದ ಕ್ಯಾಮೆರಾ ತೆಗೆದದ್ದು ಎಂಬತ್ತು ಲಕ್ಷ ಚುಕ್ಕಿಗಳ ಚಿತ್ರ. ಇಪ್ಪತ್ತರಲ್ಲಿ ಒಂದು ಪಾಲು ಡಿಸ್ಕ್‌ಗೆ ಹೋಗಿತ್ತು, ಉಳಿದ ಹತ್ತೊಂಬತ್ತು ಪಾಲು ನನ್ನ ಲ್ಯಾಪ್‌ಟಾಪ್‌ನಲ್ಲಿತ್ತು. 2015ರಲ್ಲಿ ವೈರಸ್ ಬಂತೆಂದು ಅದನ್ನು ಫಾರ್ಮ್ಯಾಟ್ ಮಾಡಿದವನು ನಾನೇ. ‘ಡಿವಿಡಿ ಇದೆಯಲ್ಲ’ ಎಂಬ ಧೈರ್ಯದಿಂದ! ಮೂಲ ಫೋಟೊಗಳನ್ನು ಹಾಗೆಯೇ ಇನ್ನೊಂದು ಡಿಸ್ಕ್‌ಗೆ ತುಂಬಲು ಆಗ ಹದಿನೈದು ಇಪ್ಪತ್ತು ರೂಪಾಯಿ ಸಾಕಿತ್ತು. 4.7 ಜಿಬಿ ಜಾಗದಲ್ಲಿ ನಾನೂರು ಫೋಟೊ ಆರಾಮಾಗಿ ಹಿಡಿಯುತ್ತಿದ್ದವು. ಗೂಗಲ್‌ನ ಪಿಕಾಸಾದಲ್ಲಿ ಗಿಫ್ಟ್ ಸಿ.ಡಿ. ಮಾಡಿಕೊಂಡವರು ಜಾಣರು, ಅದರಲ್ಲಿ ಸ್ಲೈಡ್ ಶೋ ಜತೆಗೆ ಫೋಟೊಗಳನ್ನೂ ಮೂಲ ಅಳತೆಯಲ್ಲೇ ಹಾಕಬಹುದಿತ್ತು. 2016ರಲ್ಲಿ ಪಿಕಾಸಾ ಕೂಡ ನಿಂತುಹೋಯಿತು.

ಇದು ಡಿವಿಡಿ ಕಾಲದ ತಪ್ಪು, ಈಗ ಎಲ್ಲ ಕ್ಲೌಡ್‌ನಲ್ಲಿದೆ ಎನ್ನುವವರಿಗೆ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೊ ಕುಗ್ಗಿಯೇ ಹೋಗುತ್ತದೆ, ಮೂಲ ಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗವನ್ನು 2021ರ ಜೂನ್ 1ರಿಂದ ನಿಲ್ಲಿಸಿ, ಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿಗೆ ಕಟ್ಟಿಹಾಕಿದೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ನಿಯಮವೂ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಸತ್ತವರ ಫೋನಿನಲ್ಲಿ ತೆರೆದಿದ್ದ ಖಾತೆಯ ಗತಿ ಏನು? ಪಾಸ್‌ವರ್ಡ್ ಯಾರಿಗೆ ಗೊತ್ತು? ಡಿಸ್ಕ್ ಗೀರು ಬಿದ್ದು ಹಾಳಾದರೂ ಬೀರುವಿನಲ್ಲೇ ಇರುತ್ತಿತ್ತು. ಮದುವೆ ಫೋಟೊಗಳನ್ನು ಈಗ ಲಿಂಕ್ ಕಳಿಸುತ್ತಾರೆ. ‘ಇಷ್ಟು ದಿನದೊಳಗೆ ಇಳಿಸಿಕೊಳ್ಳಿ ಅಂತ ಹತ್ತು ಸಲ ಹೇಳಿದ್ರೂ ಯಾರೂ ಇಳಿಸ್ಕೊಳ್ಳಲ್ಲ, ವರ್ಷ ಬಿಟ್ಟು ಬಂದು ಕೇಳ್ತಾರೆ’ ಎಂದು ಕೆ.ಆರ್. ಪೇಟೆಯವನ ಗೊಣಗಾಟ. ಪೆನ್‌ಡ್ರೈವ್‌ನಲ್ಲಿ ಹಾಕಿಟ್ಟರೂ ನಿಶ್ಚಿಂತೆಯಿಲ್ಲ, ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಅದೂ ಮರೆಯುತ್ತದೆ.

ಮೇಲುಕೋಟೆಯ ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ತಾಳೆಗರಿಯ ಹಸ್ತಪ್ರತಿಗಳಿವೆ. ತಾಳೆಗರಿಯೂ ಹುಳು ಹಿಡಿಯುವ ವಸ್ತುವೇ. ಆದರೂ ಹಳೆಯ ಗ್ರಂಥಗಳು ಉಳಿದುಬಂದದ್ದು, ಗರಿ ಶಿಥಿಲವಾಗುವ ಮೊದಲೇ ಯಾರೋ ಕೂತು ಹೊಸ ಗರಿಗೆ ನಕಲು ಮಾಡಿದ್ದರಿಂದ. ನಮ್ಮ ಡಿಸ್ಕ್‌ಗಳಿಗೂ ಬೇಕಿರುವುದು ಆ ಕೆಲಸ. ಅದಕ್ಕೆ ಉಳಿದಿರುವ ಸಮಯವೂ ಕಡಿಮೆ, ಏಕೆಂದರೆ ಡಿಸ್ಕ್‌ಗಿಂತ ಮುಂಚೆ ಡ್ರೈವ್‌ಗಳು ಕಾಣೆಯಾಗುತ್ತಿವೆ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಇನ್ನೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಸಾಕು. ಡಿಸ್ಕ್‌ನಲ್ಲಿರುವ ವಿಡಿಯೊ ಫೋಲ್ಡರನ್ನು ಹಾಗೆಯೇ ಕಾಪಿ ಮಾಡಿಕೊಂಡರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡುತ್ತದೆ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಅಣ್ಣನದ್ದೋ ಗೆಳೆಯನದ್ದೋ ಹತ್ತಿರ ಇರಲಿ. ನಾವು ನಾಲ್ಕು ತಾಲ್ಲೂಕಿಗೆ ನಾಲ್ಕು ಡಿಸ್ಕ್ ಹಂಚಿದ್ದು ಯೋಚಿಸಿ ಮಾಡಿದ್ದಲ್ಲ, ಆದರೆ ಒಂದಾದರೂ ಉಳಿದದ್ದು ಅದರಿಂದಲೇ. ಕೆಲಸ ಹುಡುಕುತ್ತ ಊರಿನಲ್ಲಿರುವವರು ಈ ಕೆಲಸವನ್ನು ಹಿಡಿಯಬಹುದು. ಇದರಿಂದ ಸಂಸಾರ ನಡೆಯುತ್ತದೆ ಎಂದು ಸುಳ್ಳು ಹೇಳಲಾರೆ, ಕೈಖರ್ಚಿಗೆ ಆದೀತು. ಕೆ.ಆರ್. ಪೇಟೆಯವನು ಈಗ ಹಳೇ ಗಿರಾಕಿಗಳ ಮದುವೆ ಡಿಸ್ಕ್‌ಗಳನ್ನು ಹೀಗೆ ಇಳಿಸಿಕೊಡಲು ಶುರುಮಾಡಿದ್ದಾನೆ.

ಆ ಫೋಟೊವನ್ನು ಅವನು ದೊಡ್ಡದು ಮಾಡಲು ಎರಡು ದಿನ ತಿಣುಕಾಡಿದ. ಅಗಲವಾದಷ್ಟೂ ಮುಖ ಚೌಕಚೌಕವಾಗಿ ಒಡೆಯುತ್ತಿತ್ತು. ಈಗಿನ ಎಐ ಆ್ಯಪ್ ಒಂದಕ್ಕೆ ಕೊಟ್ಟು ನೋಡಿದಾಗ ಮುಖವೇನೋ ನುಣುಪಾಗಿ ಬಂತು. ಪಾಂಡವಪುರದವನು ಸ್ವಲ್ಪ ಹೊತ್ತು ನೋಡಿ, ‘ಇವ್ರು ನಮ್ಮವ್ವ ಅಲ್ಲ ಕಣ್ಲಾ’ ಎಂದ. ಪೋಸ್ಟ್‌ಕಾರ್ಡ್ ಅಳತೆಯಲ್ಲೇ, ಇದ್ದಂತೆಯೇ ಪ್ರಿಂಟ್ ಹಾಕಿಸಿದೆವು. ಅವರ ನಡುಮನೆಯಲ್ಲಿ ಕ್ಯಾಲೆಂಡರ್‌ ಪಕ್ಕದಲ್ಲಿದೆ. ಹತ್ತಿರ ಹೋಗಿ ನೋಡಬೇಕು.