ಸಾಂಬಾರ್ ಇಲ್ಲ ಅಂತ ಒಂದೇ ಸ್ಟಾರ್?

ದಸರಾ ರಜೆಯಲ್ಲಿ ಕುಂಸಿ, ಶಿವಮೊಗ್ಗ, ಭದ್ರಾವತಿಯ ಎಷ್ಟೋ ಮಕ್ಕಳು ಬೆಂಗಳೂರಿನ ನೆಂಟರ ಮನೆಗೆ ಹೋಗಿ ಬರುತ್ತಾರೆ. ಲಾಲ್‌ಬಾಗ್ ಹೇಗಿತ್ತು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಯಾವ ಹೋಟೆಲಿನಲ್ಲಿ ಏನು ತಿಂದಿರಿ ಎಂದು ಕೇಳಿದರೆ ಅರ್ಧ ಗಂಟೆ ಹೇಳುತ್ತಾರೆ! ಈಗ ಹೇಳುವುದಷ್ಟೇ ಅಲ್ಲ, ಅಪ್ಪನ ಮೊಬೈಲಿನಲ್ಲಿ ಹೋಟೆಲಿಗೆ ಸ್ಟಾರ್ ಕೂಡ ಕೊಟ್ಟು ಬರುತ್ತಾರೆ. ಐದು ಸ್ಟಾರ್ ಎಂದರೆ ಭೇಷ್, ಒಂದು ಸ್ಟಾರ್ ಎಂದರೆ ಅತ್ತ ಸುಳಿಯಬೇಡಿ. ಶಾಲೆಯಲ್ಲಿ ಮೇಷ್ಟ್ರು ನಿಮಗೆ ಅಂಕ ಕೊಡುತ್ತಾರೆ, ಇಲ್ಲಿ ನೀವೇ ಮೇಷ್ಟ್ರು. ಹಾಗಾದರೆ ಮೇಷ್ಟ್ರ ಜವಾಬ್ದಾರಿಯೂ ನಿಮ್ಮದೇ ಅಲ್ಲವೇ?

ಮೊನ್ನೆ ನನ್ನ ಮೊಮ್ಮಗಳು ಒಂದು ಹೋಟೆಲಿನ ಬಗ್ಗೆ ಯಾರೋ ಬರೆದದ್ದನ್ನು ಓದಿ ಹೇಳಿದಳು: “ಸಾಂಬಾರ್ ಇಲ್ಲ, ಕೂರಲು ಜಾಗ ಇಲ್ಲ. ಒಂದು ಸ್ಟಾರ್.” ತಿಂದ ಇಡ್ಲಿ ಹೇಗಿತ್ತು ಎಂಬ ಮಾತೇ ಅದರಲ್ಲಿರಲಿಲ್ಲ. ಕನ್ನಡದ ಉತ್ತರಪತ್ರಿಕೆಯಲ್ಲಿ ಲೆಕ್ಕ ಬಿಡಿಸಿಲ್ಲ ಎಂದು ಅಂಕ ಕಳೆದ ಹಾಗಾಯಿತು ಇದು. ಹೋಟೆಲನ್ನು ಅಳೆಯುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಅದು ಏನು ಕೊಡುತ್ತೇನೆಂದು ಬಾಗಿಲು ತೆರೆದಿದೆ? ಅದನ್ನು ಚೆನ್ನಾಗಿ ಕೊಟ್ಟಿತೇ?

ಬೆಂಗಳೂರಿನ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. ಬಾರ್ ಎಂದ ಕೂಡಲೇ ಅಜ್ಜಿಯರು ಗಾಬರಿಯಾಗಬೇಕಿಲ್ಲ. ಬಾರ್ ಎಂದರೆ ಮೂಲದಲ್ಲಿ ಕೊಡುವವರಿಗೂ ಕೊಳ್ಳುವವರಿಗೂ ನಡುವೆ ಇರುವ ಅಡ್ಡಹಲಗೆ. ಅದರ ಹಿಂದೆ ಬಾಟಲಿಯೇ ಇರಬೇಕೆಂದೇನಿಲ್ಲ. 1965ರಲ್ಲಿ ಶುರುವಾದ ಈ ಜಾಗದಲ್ಲಿ ಸಿಗುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ ಹೀಗೆ ಬೆರಳೆಣಿಕೆಯ ಪದಾರ್ಥ. ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲಿ ತಟ್ಟೆ ಹಿಡಿದು ಹೊರಗೆ ನಿಂತು ತಿನ್ನಬೇಕು. ಕುರ್ಚಿ ಇಲ್ಲದಿರುವುದು ಅಲ್ಲಿ ಕೊರತೆಯಲ್ಲ, ಪದ್ಧತಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಈ ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಜಾಗ ಕಡಿಮೆ ಸಾಕು, ಬಡಿಸುವವರು ಕಡಿಮೆ ಸಾಕು, ಹಾಗಾಗಿ ತಿಂಡಿ ಬೇಗ ಸಿಗುತ್ತದೆ, ಬೆಲೆಯೂ ಇಳಿಯುತ್ತದೆ. ನಿಮ್ಮ ಕಾಲು ನೋವಿಗೆ ಅವರು ಕೊಡುವ ರಿಯಾಯಿತಿ ಅದು!

ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಲೆಕ್ಕ ಬೇರೆ. 1943ರಲ್ಲಿ ವಿದ್ಯಾರ್ಥಿಗಳಿಗಾಗಿ ಶುರುವಾದದ್ದರಿಂದ ಆ ಹೆಸರು. ಭಾನುವಾರ ಹೋದರೆ ಕಾಯಲೇಬೇಕು. ಶುಕ್ರವಾರ ಹೋದರೆ ಬೀಗ ನೋಡಿ ಬರಬೇಕು, ಅಂದು ವಾರದ ರಜೆ. ಕಾಯಿಸಿದರು ಎಂದು ಮುನಿಸಿಕೊಳ್ಳುವ ಮೊದಲು, ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಜನರ ನಡುವೆ ನುಸುಳಿ ಬರುವ ಬಡಿಸುವವರನ್ನು ಒಮ್ಮೆ ನೋಡಿ.

ಎರಡನೆಯದು ಬೆಲೆ. ಅಗ್ಗ ಎಂದರೆ ಒಳ್ಳೆಯದು, ದುಬಾರಿ ಎಂದರೆ ಮೋಸ ಎಂದು ಥಟ್ಟನೆ ಬರೆಯಬಾರದು. 1924ರಲ್ಲಿ ಹುಟ್ಟಿದ ಎಂಟಿಆರ್ ಕಥೆ ಕೇಳಿ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ಅವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ನಾವು ಈಗ ಆಸೆಪಟ್ಟು ತಿನ್ನುವ ರವೆ ಇಡ್ಲಿ ಹೀಗೆ ಬಂತು. ಮುಂದೆ 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯನ್ನು ತೀರಾ ಕಡಿಮೆ ಬೆಲೆಗೆ ಮಾರಬೇಕೆಂದು ಸರ್ಕಾರ ಕಟ್ಟಳೆ ಮಾಡಿತು. ಆ ಬೆಲೆಗೆ ಹಿಂದಿನ ಗುಣಮಟ್ಟ ಉಳಿಸಿಕೊಳ್ಳುವುದು ಕಷ್ಟವಾದಾಗ ಎಂಟಿಆರ್ ಪೊಟ್ಟಣದ ತಿಂಡಿ ಮಿಶ್ರಣಗಳ ಕಡೆಗೆ ಹೊರಳಿತು. ತುಪ್ಪಕ್ಕೂ ಬೇಳೆಗೂ ಒಂದು ಬೆಲೆ ಇದೆ. ಅದನ್ನು ಯಾರಾದರೂ ಕೊಡಲೇಬೇಕು.

ಮೂರನೆಯದು, ಬಡಿಸುವವರು. ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಗೊತ್ತೇ? 2009ರವರೆಗೆ ಅದು ಎಂ.ಜಿ. ರಸ್ತೆಯಲ್ಲಿತ್ತು. ಹಿಂದೆ ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು 1957ರಲ್ಲಿ ಸಹಕಾರ ಸಂಘ ಕಟ್ಟಿ ತಾವೇ ನಡೆಸಲು ಶುರುಮಾಡಿದರು. ಅಲ್ಲಿ ಪೇಟ ಕಟ್ಟಿ ಕಾಫಿ ತರುವವರೇ ಒಡೆಯರು. ಉಳಿದ ಕಡೆ ಹಾಗಲ್ಲ. ನಾನು ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವನು. ನಿಯಮ ಮಾಡುವವರು ಹೆಡ್ ಆಫೀಸಿನಲ್ಲಿರುತ್ತಾರೆ, ಬೈಸಿಕೊಳ್ಳುವವನು ಕೌಂಟರಿನಲ್ಲಿರುತ್ತಾನೆ. ಅಡುಗೆಮನೆಯಲ್ಲಿ ತಡವಾದರೆ ಮಾತು ಕೇಳುವವನು ತಟ್ಟೆ ತಂದ ಹುಡುಗ. ಮನೆಗೆ ದುಡ್ಡು ಕಳಿಸಲೆಂದು ನಮ್ಮಂಥ ಊರುಗಳಿಂದ ಹೋದವರು ಅಂಥವರಲ್ಲಿ ಎಷ್ಟೋ ಜನ. ನೀವು ಸಿಟ್ಟಿನಲ್ಲಿ ಒತ್ತಿದ ಒಂದು ಸ್ಟಾರ್ ಅವನ ಕೆಲಸಕ್ಕೇ ಕುತ್ತಾಗಬಾರದು. ಆದ್ದರಿಂದ ತಿಂಡಿಯ ಬಗ್ಗೆ ಬರೆಯಿರಿ, ಅವನ ಹೆಸರು ಬರೆಯಬೇಡಿ. ನಗುತ್ತಾ ಬಡಿಸಿದ್ದರೆ ಮಾತ್ರ ಹೆಸರು ಕೇಳಿ ಬರೆಯಿರಿ.

ಹಾಗಾದರೆ ಬರೀ ಹೊಗಳಬೇಕೇ? ಖಂಡಿತ ಇಲ್ಲ. ಲೋಟದ ಅಂಚಿನಲ್ಲಿ ಜಿಡ್ಡಿದೆಯೇ, ಟೇಬಲ್ ಒರೆಸುವ ಬಟ್ಟೆ ನಾರುತ್ತಿದೆಯೇ, ಚಟ್ನಿ ಹಳಸಿದೆಯೇ, ಬಿಲ್ಲಿನಲ್ಲಿ ತಿನ್ನದ ವಡೆ ಸೇರಿಕೊಂಡಿದೆಯೇ? ಇವಕ್ಕೆ ಯಾವ ಪದ್ಧತಿಯ ನೆಪವೂ ಇಲ್ಲ. ಮೊದಲು ಗಲ್ಲಾದಲ್ಲಿ ಕೂತವರಿಗೆ ಹೇಳಿ. ಸರಿಮಾಡಿದರೆ ಅದನ್ನೂ ಬರೆಯಿರಿ, ಮಾಡದಿದ್ದರೆ ಧಾರಾಳವಾಗಿ ಸ್ಟಾರ್ ಕಳೆಯಿರಿ. ಮುಂದೆ ಬರುವವರ ಹೊಟ್ಟೆ ಕಾಯುವುದೂ ಮೇಷ್ಟ್ರ ಕೆಲಸವೇ.

ಈ ರಜೆಗೆ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಏನು ತಿಂದಿರಿ, ಬಿಸಿಯಿತ್ತೇ, ಚೊಕ್ಕಟವಿತ್ತೇ, ಎಷ್ಟು ಕೊಟ್ಟಿರಿ, ಬಡಿಸಿದವರು ಹೇಗಿದ್ದರು ಎಂದು ಐದು ಸಾಲು ಬರೆಯಿರಿ. ಆಮೇಲೆ ಸ್ಟಾರ್ ಲೆಕ್ಕ ಹಾಕಿ. ಮನೆಯ ಉಪ್ಪಿಟ್ಟಿಗೆ ಮಾತ್ರ ಸ್ಟಾರ್ ಕೊಡಲು ಹೋಗಬೇಡಿ. ನಾಳೆ ಬೆಳಿಗ್ಗೆಯೂ ಅಲ್ಲೇ ತಿನ್ನಬೇಕು, ನೆನಪಿರಲಿ!